ಹಡಗಿನಲ್ಲಿ ಶಾವಿಗೆ

ಹಡಗು ಮಯಾಮಿ ಬಿಟ್ಟ ಮೊದಲ ರಾತ್ರಿ ಡೈನಿಂಗ್ ಹಾಲಿನಲ್ಲಿ ನನ್ನ ಮುಂದೆ ಬಂದು ಕೂತ ಫೆತ್ತುಚೀನೆಯನ್ನು ಫೋರ್ಕಿಗೆ ಸಿಕ್ಕಿಸಿ ಎತ್ತಿದರೆ ಇಡೀ ರಾಶಿ ಒಂದೇ ಜೀವವಾಗಿ ಮೇಲೆದ್ದು ಬಂತು. ಬೆಣ್ಣೆ, ಕೆನೆ, ಚೀಸು ಎಲ್ಲ ಧಾರಾಳವಾಗಿತ್ತು, ರುಚಿಗೆ ಮೋಸವಿರಲಿಲ್ಲ. ಹೆಂಡತಿ ಒಂದು ತುತ್ತು ತಿಂದವಳೇ "ಶಾವಿಗೆ ಬಿಡಿಬಿಡಿಯಾಗಿರ್ಬೇಕು ಕಣ್ರೀ, ಇದು ಮುದ್ದೆ" ಎಂದು ತೀರ್ಪು ಕೊಟ್ಟು ತಟ್ಟೆ ಸರಿಸಿದಳು. ನಮ್ಮ ಮೇಜಿನ ವೇಟರ್ ಉಡುಪಿ ಕಡೆಯ ಹುಡುಗ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮೇಡಂ ಮೇಡಂ ಎನ್ನುತ್ತಿದ್ದವನು ಕನ್ನಡ ಕಿವಿಗೆ ಬಿದ್ದದ್ದೇ ಬಗ್ಗಿ ಪಿಸುಗುಟ್ಟಿದ: "ಅಕ್ಕ, ಇಲ್ಲಿ ಒಟ್ಟಿಗೆ ಸಾವಿರ ಜನಕ್ಕೆ ಹೋಗ್ಬೇಕಲ್ಲ. ಪಾಸ್ತಾ ಕಾಯುವುದಿಲ್ಲ ಮಾರಾಯ್ರೆ. ಮೇಲೆ ಇಟಾಲಿಯನ್ ಉಂಟು, ನಾಳೆ ಅಲ್ಲಿ ತಿನ್ನಿ. ದುಡ್ಡು ಮಾತ್ರ ಬೇರೆ."

ನನಗೆ ತಕ್ಷಣ ಮದುವೆ ಛತ್ರ ನೆನಪಾಯಿತು. ಛತ್ರದ ಬೆಳಗಿನ ತಿಂಡಿಗೆ ಇಡ್ಲಿ ಇರುತ್ತದೆ, ಉಪ್ಪಿಟ್ಟು, ಕೇಸರಿಬಾತು ಇರುತ್ತವೆ, ದೋಸೆ ಮಾತ್ರ ಅಪರೂಪ. ಇಡ್ಲಿ ಹಬೆಯ ಪಾತ್ರೆಯಲ್ಲಿ ಅರ್ಧ ಗಂಟೆ ಕೂತರೂ ಇಡ್ಲಿಯಾಗಿಯೇ ಇರುತ್ತದೆ. ದೋಸೆ ಕಾವಲಿ ಬಿಟ್ಟ ಐದು ನಿಮಿಷಕ್ಕೆ ಚಕ್ಕಳ. ಈಚೆಗೆ ಮೂಲೆಯಲ್ಲಿ ಕಾವಲಿ ಹೂಡಿ ಬಿಸಿಬಿಸಿ ಹಾಕಿಕೊಡುವ ಕಂಟ್ರಾಕ್ಟರುಗಳೂ ಬಂದಿದ್ದಾರೆ, ಅಲ್ಲಿ ಸಾಲು ಎಷ್ಟುದ್ದ ಇರುತ್ತದೆಂದು ಎಲ್ಲರಿಗೂ ಗೊತ್ತು. ಕ್ರೂಸ್ ಹಡಗಿನ ಊಟದ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೇ. ಟಿಕೆಟ್ಟಿನಲ್ಲೇ ಸೇರಿರುವ ದೊಡ್ಡ ಡೈನಿಂಗ್ ಹಾಲು. ಅಲ್ಲಿ ಸಂಜೆ ಆರರ ಹೊತ್ತಿಗೆ ಮೊದಲ ಪಂಕ್ತಿ, ಎಂಟು-ಎಂಟೂವರೆಗೆ ಎರಡನೇ ಪಂಕ್ತಿ. ಮೇಲಿನ ಡೆಕ್ಕಿನಲ್ಲಿ ಬಫೆ, ಈಜುಕೊಳದ ಪಕ್ಕ ಪಿಜ್ಜಾ ಕೌಂಟರ್. ಇವೆಲ್ಲ ಪುಕ್ಕಟೆ, ಅಂದರೆ ದುಡ್ಡು ಮೊದಲೇ ಕೊಟ್ಟಾಗಿದೆ. ಇವುಗಳ ಜೊತೆಗೆ, ಬೇರೆ ಶುಲ್ಕ ಕೊಟ್ಟು ಹೋಗುವ ಸಣ್ಣ ಸಣ್ಣ ಸ್ಪೆಷಾಲಿಟಿ ರೆಸ್ಟೋರೆಂಟುಗಳು. ಸ್ಟೇಕ್ ಹೌಸ್ ಒಂದು, ಜಪಾನಿನದೋ ಚೀನಾದ್ದೋ ಒಂದು, ಹೆಚ್ಚುಕಡಿಮೆ ಪ್ರತಿ ದೊಡ್ಡ ಹಡಗಿನಲ್ಲೂ ಇಟಾಲಿಯನ್ ಒಂದು.

ಪಾಸ್ತಾ ಯಾಕೆ ಕಾಯುವುದಿಲ್ಲ? ಒಣ ಪಾಸ್ತಾ ಕುದಿಯುವ ನೀರಿನಲ್ಲಿ 8ರಿಂದ 11 ನಿಮಿಷ ಬೇಯಬೇಕು. ನಡುವೆ ಒಂದು ಸಣ್ಣ ಗಟ್ಟಿತನ ಉಳಿದಿರುವಾಗಲೇ ನೀರಿನಿಂದ ತೆಗೆಯುತ್ತಾರೆ. ಇಟಲಿಯವರು ಇದಕ್ಕೆ 'ಅಲ್ ದೆಂತೆ' ಎನ್ನುತ್ತಾರೆ, ಹಲ್ಲಿಗೆ ಸಿಗುವ ಹದ. ತೆಗೆದ ಮೇಲೂ ಅದು ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ, ಸಾಸನ್ನು ಹೀರಿ ಉಬ್ಬುತ್ತದೆ, ಮೈಮೇಲಿನ ಗಂಜಿ ತಣಿದಂತೆ ಅಂಟಾಗುತ್ತದೆ. ಸಾವಿರ ಜನಕ್ಕೆ ಅರ್ಧ ಗಂಟೆಯಲ್ಲಿ ಬಡಿಸಬೇಕಾದ ಅಡುಗೆಮನೆಗೆ ಒಂದೇ ದಾರಿ: ಮಧ್ಯಾಹ್ನವೇ ಮುಕ್ಕಾಲು ಬೇಯಿಸಿ, ತಣ್ಣೀರಿಗೆ ಹಾಕಿ, ಎಣ್ಣೆ ಸವರಿ, ಶೀತಲ ಪೆಟ್ಟಿಗೆಯಲ್ಲಿಟ್ಟು, ಬಡಿಸುವಾಗ ಕುದಿನೀರಿಗೆ ಅದ್ದಿ ತೆಗೆದು ಸಾಸು ಸುರಿಯುವುದು. ಎಣ್ಣೆ ಸವರಿದ ಪಾಸ್ತಾಗೆ ಸಾಸು ಅಂಟುವುದಿಲ್ಲ. ಆ ಕೊರತೆ ಮುಚ್ಚಲು ಕೆನೆ ಜಾಸ್ತಿ. ಕೆನೆ ಜಾಸ್ತಿಯಾದರೆ ತಣಿದಾಗ ಮುದ್ದೆ. ನನ್ನ ತಟ್ಟೆಗೆ ಬಂದದ್ದು ಈ ಸರಪಳಿಯ ಕೊನೆಯ ಕೊಂಡಿ. 2024ರ ಜನವರಿಯಲ್ಲಿ ಸಂಚಾರ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗಿಗೆ ತುಂಬಿದರೆ 7,600 ಪ್ರಯಾಣಿಕರು ಹಿಡಿಯುತ್ತಾರೆ. ಅಂಥ ಕಡೆ ಭಟ್ಟರನ್ನು ಬೈದು ಪ್ರಯೋಜನವಿಲ್ಲ.

ಮರುದಿನ ಮೇಲಿನ ರೆಸ್ಟೋರೆಂಟಿಗೆ ಹೋದೆವು. ಅಡುಗೆಮನೆ ಅರ್ಧ ತೆರೆದಿತ್ತು, ನನಗೆ ಸಿಕ್ಕಿದ್ದು ಅದರ ಎದುರಿನ ಕುರ್ಚಿ. ಹುಡುಗನೊಬ್ಬ ಜಾಲರಿ ಬುಟ್ಟಿಯಲ್ಲಿ ಒಂದು ಹಿಡಿ ಸ್ಪಗೆಟ್ಟಿ ಇಳಿಬಿಟ್ಟ. ಪಕ್ಕದ ಇಂಡಕ್ಷನ್ ಒಲೆಯ ಮೇಲೆ ಅಗಲವಾದ ಬಾಣಲೆಯಲ್ಲಿ ಕಾಳುಮೆಣಸನ್ನು ಕುಟ್ಟಿ ಹುರಿದ. ಬುಟ್ಟಿ ಎತ್ತುವ ಮೊದಲು ಸೌಟಿನಲ್ಲಿ ಆ ಗಂಜಿ ನೀರನ್ನು ಬಾಣಲೆಗೆ ಹಾಕಿದ, ಪಾಸ್ತಾ ಬಿತ್ತು, ಉರಿ ತಗ್ಗಿಸಿ ತುರಿದ ಪೆಕೊರೀನೊ ಉದುರಿಸುತ್ತಾ ಮಣಿಕಟ್ಟಿನಿಂದ ಬಾಣಲೆ ಕುಲುಕತೊಡಗಿದ. ನೀರು, ಚೀಸು, ಗಂಜಿ ಮೂರೂ ಕೂಡಿ ನೋಡನೋಡುತ್ತಿದ್ದಂತೆ ಹಾಲಿನ ಕೆನೆಯಂತಾದವು. ಕೆನೆ ಒಂದು ಹನಿಯೂ ಹಾಕಿರಲಿಲ್ಲ. ಇದೇ ರೋಮಿನ 'ಕಾಚೊ ಎ ಪೇಪೆ'. ಚೀಸು-ಮೆಣಸು ಎಂದಷ್ಟೇ ಅರ್ಥ. ಚೀಸು ಹಾಕುವಾಗ ಬಿಸಿ ಸ್ವಲ್ಪ ಹೆಚ್ಚಾದರೂ ಒಡೆದ ಹಾಲಿನಂತೆ ಗಂಟುಗಂಟು. ಬಾಣಲೆಯಿಂದ ನನ್ನ ಮೇಜಿಗೆ ಹನ್ನೆರಡು ಹೆಜ್ಜೆ. ಇಲ್ಲಿ ಕೊಟ್ಟ ಹೆಚ್ಚಿನ ಡಾಲರ್ ಆ ಹನ್ನೆರಡು ಹೆಜ್ಜೆಗೆ ಎಂದು ನನಗನ್ನಿಸಿತು. ಹಿಟ್ಟು ಅದೇ, ಚೀಸೂ ಹೆಚ್ಚುಕಡಿಮೆ ಅದೇ. ಹೆಂಡತಿ ಆಲೂಗಡ್ಡೆಯ ನ್ಯೊಕ್ಕಿ ತರಿಸಿಕೊಂಡು ಮಾತಿಲ್ಲದೆ ಮುಗಿಸಿದಳು. ನ್ಯೊಕ್ಕಿ ಮೆತ್ತಗಿರುವುದೇ ಅದರ ಧರ್ಮ.

ಆ ಕುದಿಯುವ ನೀರಿನ ಕಥೆಯೂ ಸ್ವಾರಸ್ಯದ್ದು. ದೊಡ್ಡ ಹಡಗುಗಳು ತಮಗೆ ಬೇಕಾದ ಸಿಹಿನೀರಿನ ಬಹುಪಾಲನ್ನು ಸಮುದ್ರದಿಂದಲೇ ಮಾಡಿಕೊಳ್ಳುತ್ತವೆ. ಕಡಲ ನೀರನ್ನು ಆವಿಯಾಗಿಸಿಯೋ ಸೂಕ್ಷ್ಮ ಪೊರೆಯಲ್ಲಿ ಸೋಸಿಯೋ ಉಪ್ಪು ತೆಗೆಯುತ್ತಾರೆ. ಅಷ್ಟು ಕಷ್ಟಪಟ್ಟು ಉಪ್ಪು ಕಳೆದ ನೀರಿಗೆ ಪಾಸ್ತಾ ಭಟ್ಟ ಹಿಡಿಗಟ್ಟಲೆ ಉಪ್ಪು ಸುರಿಯುತ್ತಾನೆ.

ಪಿಜ್ಜಾದ ಲೆಕ್ಕ ಬೇರೆ. ಅದು ದೋಸೆಯ ಜಾತಿ. ಒಂದೊಂದಾಗಿಯೇ ಆಗಬೇಕು, ಹಾಗೆ ಮಾಡುವುದು ಸುಲಭ, ತಿನ್ನುವವನೂ ಒಲೆಯ ಮುಂದೆಯೇ ನಿಂತಿರುತ್ತಾನೆ. ಆದ್ದರಿಂದ ಪುಕ್ಕಟೆ ಕೌಂಟರಿನ ಪಿಜ್ಜಾ ಅನೇಕ ಸಲ ಪುಕ್ಕಟೆ ಪಾಸ್ತಾಗಿಂತ ಎಷ್ಟೋ ವಾಸಿ. ರಾಯಲ್ ಕೆರಿಬಿಯನ್ ಹಡಗುಗಳ 'ಸೊರೆಂಟೋಸ್' ಇಂಥದ್ದು, ಕಾರ್ನಿವಲ್ ಹಡಗುಗಳ ಪಿಜ್ಜಾ ಕೌಂಟರ್ ಇಂಥದ್ದು. ಹಾಗೆಂದು ನೇಪಲ್ಸಿನ ಪಿಜ್ಜಾವನ್ನು ಅಲ್ಲಿ ನಿರೀಕ್ಷಿಸಬಾರದು. 1984ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ಅಪ್ಪಟ ಪಿಜ್ಜಾ ಸಂಘದ ನಿಯಮದಂತೆ ಕಟ್ಟಿಗೆಯ ಒಲೆ 400 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಆಚೆ ಬರಬೇಕು. ಅಲ್ಲಿನ ಪಿಜ್ಜಾ ತಟ್ಟುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಅಗ್ನಿಶಾಮಕ ವಾಹನ ಕರೆಸುವಂತಿಲ್ಲ, ಓಡಿಹೋಗಲು ಬೀದಿಯಿಲ್ಲ. ಹಾಗಾಗಿ ಹಡಗಿನ ಅಡುಗೆಮನೆ ಹೆಚ್ಚಾಗಿ ವಿದ್ಯುತ್ತಿನ ಮೇಲೇ ನಡೆಯುತ್ತದೆ. ನಮ್ಮ ಹಡಗಿನ ವಿದ್ಯುತ್ ಒಲೆಯಲ್ಲಿ ಒಂದು ಮಾರ್ಗೆರಿಟಾಗೆ ನಾಲ್ಕು ನಿಮಿಷ ಹಿಡಿಯಿತು, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಅಂಚಿನಲ್ಲಿ ಕಪ್ಪು ಚುಕ್ಕೆ ಬೀಳಲಿಲ್ಲ, ತಳ ಮಾತ್ರ ಗರಿಗರಿ. ರಾತ್ರಿ ಹನ್ನೊಂದಕ್ಕೆ, ಬರಿಗಾಲಲ್ಲಿ, ಗಾಳಿಗೆ ಮುಖಕೊಟ್ಟು ತಿನ್ನಲು ಅಷ್ಟು ಸಾಕು.

ನನ್ನ ಸಲಹೆ ಕೇಳಿದರೆ, ಹಡಗಿನಲ್ಲಿ ಪಿಜ್ಜಾಗೆಂದು ಬೇರೆ ದುಡ್ಡು ಕೊಡಬೇಡಿ, ಪಾಸ್ತಾಗೆ ಬೇಕಾದರೆ ಕೊಡಿ.

ಟಿಕೆಟ್ಟು ಕೊಂಡ ಮೇಲೂ ಊಟಕ್ಕೆ ಬೇರೆ ದುಡ್ಡು ಕೇಳುವುದು ಈಗಿನ ಕಾಲದ ಅತಿಯಾಸೆ ಎಂದು ನಾನೂ ಗೊಣಗಿದವನೇ. ಹಿಂದೆ ತಿರುಗಿ ನೋಡಿದರೆ ಇದು ನೂರು ವರ್ಷಕ್ಕೂ ಹಳೆಯ ರೂಢಿ. 1905ರ 'ಅಮೆರಿಕಾ' ಎಂಬ ಜರ್ಮನ್ ಹಡಗಿನಲ್ಲಿ ರಿಟ್ಜ್ ಹೆಸರಿನ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆಂದು ಬೇರೆ ಹಣ ಕೊಟ್ಟು ಉಣ್ಣುವ ಆ-ಲಾ-ಕಾರ್ಟ್ ರೆಸ್ಟೋರೆಂಟ್ ಇತ್ತು. ಅದನ್ನು ಗುತ್ತಿಗೆ ಹಿಡಿದವನು ಲುಯಿಜಿ ಗಟ್ಟಿ ಎಂಬ ಇಟಲಿಯವನು. ಬಡಿಸುತ್ತಿದ್ದದ್ದು ಫ್ರೆಂಚ್ ಅಡುಗೆ, ಬಡಿಸುವವರಲ್ಲಿ ಬಹಳ ಮಂದಿ ಇಟಾಲಿಯನ್ನರು. ಹಡಗಿನ ಊಟ ಬಿಟ್ಟು ಇಲ್ಲೇ ಉಣ್ಣುತ್ತೇನೆಂದವರಿಗೆ ಟಿಕೆಟ್ಟಿನಲ್ಲಿ ಒಂದಿಷ್ಟು ರಿಯಾಯಿತಿಯೂ ಇತ್ತಂತೆ. ಈಗಿನ ಕಂಪನಿಗಳು ಆ ಒಳ್ಳೆಯ ಪದ್ಧತಿಯನ್ನು ಮಾತ್ರ ಮರೆತಿವೆ. ಹಡಗು ಮುಳುಗಿದ ರಾತ್ರಿ ಆ ರೆಸ್ಟೋರೆಂಟಿನ ಅರವತ್ತಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಉಳಿದವರು ಮೂವರು. ಗಟ್ಟಿಯೂ ಉಳಿಯಲಿಲ್ಲ.

ಇಂದಿನ ರೂಪದ ಇಟಾಲಿಯನ್ ರೆಸ್ಟೋರೆಂಟ್ ಹಡಗಿಗೆ ಬಂದದ್ದು ತಡವಾಗಿ. 1990ರಲ್ಲಿ ಜಪಾನೀ ಒಡೆತನದ 'ಕ್ರಿಸ್ಟಲ್ ಹಾರ್ಮನಿ' ಹಡಗು ಮುಖ್ಯ ಹಾಲಿನ ಜೊತೆಗೆ ಎರಡು ಸಣ್ಣ ಊಟದ ಮನೆ ಇಟ್ಟುಕೊಂಡು ಹೊರಟಿತು; ಒಂದು 'ಕ್ಯೋಟೊ', ಇನ್ನೊಂದು ಇಟಾಲಿಯನ್ 'ಪ್ರೇಗೊ'. ಆಮೇಲೆ ಎಲ್ಲರೂ ಹಿಂಬಾಲಿಸಿದರು. ಡಿಸ್ನಿ ಹಡಗುಗಳ 'ಪಾಲೊ'ದಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ವೆನಿಸಿನಲ್ಲಿ ಗೊಂಡೊಲಾ ಕಟ್ಟಿಹಾಕುವ ಕಂಬಕ್ಕೆ ಪಾಲೊ ಎನ್ನುತ್ತಾರೆ. ಪ್ರಿನ್ಸೆಸ್ ಕಂಪನಿಯ ಹಡಗುಗಳಲ್ಲಿ 'ಸಬಾತೀನಿಸ್', ರಾಯಲ್ ಕೆರಿಬಿಯನ್‌ನಲ್ಲಿ 'ಜೊವಾನೀಸ್'. ಹಾಲೆಂಡ್ ಅಮೆರಿಕಾ ಲೈನಿನ 'ಕನಲೆತ್ತೊ' ಮೊದಲಿಗೆ ಬಫೆಯದೇ ಒಂದು ಮೂಲೆ, ಸಂಜೆಯಾದರೆ ಮೇಜುಬಟ್ಟೆ ಹಾಸಿ ಇಟಲಿ ಆಗುತ್ತಿತ್ತು. ವೈಕಿಂಗ್ ಹಡಗುಗಳಲ್ಲಿನ 'ಮ್ಯಾನ್‌ಫ್ರೆಡೀಸ್' ಹೆಸರು ಇನ್ನೂ ತಮಾಷೆಯದು. ಆ ಕಂಪನಿಯ ಒಡೆಯ ಅದನ್ನಿಟ್ಟದ್ದು ತನ್ನ ಗೆಳೆಯ ಮ್ಯಾನ್‌ಫ್ರೆಡಿ ಲೆಫೆಬ್ವ್ರ ಹೆಸರಿನಲ್ಲಿ. ಗೆಳೆಯನಾದರೋ ಪ್ರತಿಸ್ಪರ್ಧಿ ಸಿಲ್ವರ್‌ಸೀ ಕಂಪನಿಯನ್ನು ಕಟ್ಟಿದ ಮನೆತನದವನು. ವೈಕಿಂಗ್, ಓಷಿಯಾನಿಯಾದಂಥ ದುಬಾರಿ ಹಡಗುಗಳಲ್ಲಿ ಈ ಊಟಕ್ಕೆ ಬೇರೆ ಶುಲ್ಕವಿಲ್ಲ, ಟಿಕೆಟ್ಟಿನಲ್ಲೇ ವಸೂಲಾಗಿರುತ್ತದೆ. ಅಗ್ಗದ ಟಿಕೆಟ್ಟಿನ ದೊಡ್ಡ ಹಡಗುಗಳು ಒಳಗೆ ಕರೆದುಕೊಂಡ ಮೇಲೆ ವಸೂಲು ಮಾಡುತ್ತವೆ: ಮದ್ಯ, ಜೂಜು, ಸ್ಪಾ, ದಡದ ಸುತ್ತಾಟ, ವಿಶೇಷ ಊಟ. ಜಗತ್ತಿನ ಅತಿ ದೊಡ್ಡ ಕ್ರೂಸ್ ಸಂಸ್ಥೆಯಾದ ಕಾರ್ನಿವಲ್ ಕಾರ್ಪೊರೇಶನ್ನಿನ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಹೀಗೆ ಟಿಕೆಟ್ಟಿನಾಚೆಯಿಂದಲೇ.

ಹಾಗಿದ್ದರೆ ಇಟಾಲಿಯನ್ನೇ ಯಾಕೆ? ವ್ಯಾಪಾರದ ಉತ್ತರ ಸುಲಭ. ಹಿಟ್ಟು, ಟೊಮೆಟೊ, ಎಣ್ಣೆ, ಗಟ್ಟಿ ಚೀಸು, ಇವು ವಾರಗಟ್ಟಲೆ ಕೆಡದ ಸಾಮಾನು. ಹಡಗಿನ ಉಗ್ರಾಣಕ್ಕೆ ಹೇಳಿ ಮಾಡಿಸಿದ್ದು. ಮಕ್ಕಳು ತಿನ್ನುತ್ತಾರೆ, ಹಲ್ಲಿಲ್ಲದವರೂ ತಿನ್ನುತ್ತಾರೆ. ಇನ್ನೊಂದು ಉತ್ತರ ಇತಿಹಾಸದಲ್ಲಿದೆ. ಜಿನೋವಾದ ಕೋಸ್ಟಾ ಮನೆತನ 1854ರಲ್ಲಿ ವ್ಯಾಪಾರ ಶುರುಮಾಡಿದ್ದು ಆಲಿವ್ ಎಣ್ಣೆ ಮತ್ತು ಬಟ್ಟೆಯಲ್ಲಿ. ಎಣ್ಣೆ ಸಾಗಿಸಲು ಹಡಗು ಬೇಕಾಯಿತು. 1948ರಲ್ಲಿ ಅವರ 'ಅನ್ನಾ ಸಿ' ಹಡಗು ಪ್ರಯಾಣಿಕರನ್ನು ಹೊತ್ತು ಜಿನೋವಾದಿಂದ ದಕ್ಷಿಣ ಅಮೆರಿಕಕ್ಕೆ ಹೊರಟಿತು. ಇಂದಿನ ಕೋಸ್ಟಾ ಕ್ರೂಸ್ ಹಡಗುಗಳ ಮೂಲ ಅದು. ಕಾರ್ನಿವಲ್ ಹಡಗುಗಳ ಕಪ್ತಾನರಲ್ಲಿ ಬಹುಕಾಲದಿಂದ ಇಟಲಿಯವರು ಹೆಚ್ಚು. 2011ರ 'ಕಾರ್ನಿವಲ್ ಮ್ಯಾಜಿಕ್' ಹಡಗಿನಲ್ಲಿ ಮೊದಲು ತೆರೆದ ರೆಸ್ಟೋರೆಂಟಿನ ಹೆಸರೇ 'ಕುಚೀನಾ ದೆಲ್ ಕಪಿತಾನೊ', ಕಪ್ತಾನನ ಅಡುಗೆಮನೆ. ಹಡಗು ಕಟ್ಟುವುದರಲ್ಲೂ ಅಷ್ಟೇ. ಮೊನ್‌ಫಾಲ್ಕೋನೆ, ಮಾರ್ಗೇರಾದ ಫಿನ್‌ಕಾಂತಿಯೇರಿ ಕಟ್ಟೆಗಳಿಂದ ಇಳಿದ ಕ್ರೂಸ್ ಹಡಗುಗಳು ಲೆಕ್ಕವಿಲ್ಲದಷ್ಟು.

ಆದರೆ ತಟ್ಟೆಯಲ್ಲಿರುವುದು ಇಟಲಿಯೇ ಎಂದು ಪ್ರಮಾಣ ಮಾಡಿ ಹೇಳಲಾಗದು. 1880ರಿಂದ 1924ರ ನಡುವೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು, ಬಹುಪಾಲು ದಕ್ಷಿಣದ ಬಡವರು, ಹಡಗಿನ ತಳದ ಅಗ್ಗದ ದರ್ಜೆಯಲ್ಲಿ. ಊರಲ್ಲಿ ಹಬ್ಬಕ್ಕೊಮ್ಮೆ ಕಂಡಿದ್ದ ಮಾಂಸ ನ್ಯೂಯಾರ್ಕಿನಲ್ಲಿ ಅಗ್ಗವಾಗಿ ಸಿಕ್ಕಿತು. ಮಾಂಸದುಂಡೆ ದೊಡ್ಡದಾಯಿತು, ಸ್ಪಗೆಟ್ಟಿಯ ಮೇಲೆ ಹತ್ತಿ ಕುಳಿತಿತು. ಇಟಲಿಯಲ್ಲಿ ಅವೆರಡೂ ಬೇರೆ ಬೇರೆ ತಟ್ಟೆ. ಚಿಕನ್ ಪಾರ್ಮಿಜಾನ ಅಮೆರಿಕದ ಇಟಾಲಿಯನ್ನರದು, ಬೆಣ್ಣೆ ಬಳಿದ ಗಾರ್ಲಿಕ್ ಬ್ರೆಡ್ ಕೂಡ. ನನ್ನ ಮೊದಲ ರಾತ್ರಿಯ ಫೆತ್ತುಚೀನೆ ಅಲ್ಫ್ರೆಡೊ ಮೂಲದಲ್ಲಿ ರೋಮಿನದೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಫ್ರೆಡೊ ದಿ ಲೇಲಿಯೊ ಬೆಣ್ಣೆ ಮತ್ತು ಪಾರ್ಮಿಜಾನೊ ಎರಡರಲ್ಲೇ ಮಾಡುತ್ತಿದ್ದ. ಹಾಲಿವುಡ್ಡಿನ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ದಂಪತಿ ಅದನ್ನು ಮೆಚ್ಚಿ ಹೆಸರು ಹಬ್ಬಿಸಿದರು. ಕೆನೆ ಸೇರಿದ್ದು ಅಟ್ಲಾಂಟಿಕ್ ದಾಟಿದ ಮೇಲೆ. ಶುದ್ಧಿವಾದಿಗಳು ಇದಕ್ಕೆಲ್ಲ ಮೂಗು ಮುರಿಯುತ್ತಾರೆ. ನನಗೆ ಅಷ್ಟು ಕೋಪವಿಲ್ಲ. ಹಸಿದು ಹಡಗು ಹತ್ತಿದವರು ಹೊಟ್ಟೆ ತುಂಬಿದ ಮೇಲೆ ಕಟ್ಟಿಕೊಂಡ ಅಡುಗೆ ಮತ್ತೆ ಹಡಗಿಗೇ ಬಂದು ಕೂತಿದೆ.

ಸಸ್ಯಾಹಾರಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು ಹಡಗಿನಲ್ಲಿ ಎರಡು ದಿನ ಕಳೆದರೆ ಮೂರನೇ ದಿನ ಇಟಾಲಿಯನ್ ಬಾಗಿಲಲ್ಲಿ ಕಾಣುತ್ತಾರೆ. ತರಕಾರಿ ಊಟಕ್ಕೆ ಅದಕ್ಕಿಂತ ಒಳ್ಳೆಯ ಆಸರೆ ಅಲ್ಲಿ ಸಿಗುವುದು ಕಷ್ಟ. ಹೆಸರಿನಲ್ಲಿ ಮಾಂಸವಿಲ್ಲವೆಂದು ಒಳಗೂ ಇಲ್ಲ ಎಂದುಕೊಳ್ಳಬಾರದು. ಪಾರ್ಮಿಜಾನೊ ರೆಜ್ಜಾನೊಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬೇರೆ ಹೆಪ್ಪು ಹಾಕಿದರೆ ಆ ಹೆಸರಿಡುವಂತಿಲ್ಲ. ಪೆಸ್ತೊದಲ್ಲೂ ಅದೇ ಚೀಸು. ನನ್ನ ಕಾಚೊ ಎ ಪೇಪೆಯ ಪೆಕೊರೀನೊಗೆ ಕುರಿಮರಿಯ ರೆನೆಟ್. ರಿಸೊತ್ತೊ, ಮಿನೆಸ್ತ್ರೋನೆಗಳಿಗೆ ಕೋಳಿಯ ಸ್ಟಾಕ್ ಬಿದ್ದಿರಬಹುದು. ಸೀಸರ್ ಸಲಾಡಿನ ಸಾಸಿನಲ್ಲಿ ಆಂಕೊವಿ ಮೀನು ಕರಗಿರುತ್ತದೆ, ಪನ್ನಾ ಕೊತ್ತ ನಿಲ್ಲುವುದು ಜೆಲಟಿನ್ ಮೇಲೆ. ಆಲಿಯೊ ಎ ಓಲಿಯೊ, ಅಂದರೆ ಬೆಳ್ಳುಳ್ಳಿ-ಎಣ್ಣೆ ಒಗ್ಗರಣೆಯ ಸ್ಪಗೆಟ್ಟಿ, ಮತ್ತು ಒಣಮೆಣಸಿನ ಖಾರದ ಅರಾಬ್ಯಾತ, ಇವೆರಡನ್ನು ಚೀಸಿಲ್ಲದೆ ಕೇಳಿದರೆ ಕಟ್ಟುನಿಟ್ಟಿನವರೂ ನಿಶ್ಚಿಂತೆಯಾಗಿ ಉಣ್ಣಬಹುದು. ಜೈನ ಊಟ ಬೇಕಿದ್ದವರು ಟಿಕೆಟ್ ಕೊಳ್ಳುವಾಗಲೇ ಬರೆಸಬೇಕು. ಹಡಗು ಬಂದರು ಬಿಟ್ಟ ಮೇಲೆ ಉಗ್ರಾಣದಲ್ಲಿ ಇದ್ದದ್ದಷ್ಟೇ.

ತಿರಮಿಸು ಹಡಗಿನಲ್ಲಿ ಸ್ವಲ್ಪ ಬೇರೆ ರುಚಿ ಎನ್ನಿಸಿದರೆ ಅದಕ್ಕೂ ಕಾರಣ ಉಂಟು. ಅಮೆರಿಕದ ಬಂದರಿಗೆ ಬರುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆ 1970ರ ದಶಕದಿಂದ ತಪಾಸಣೆ ಮಾಡುತ್ತಿದೆ. ನೂರಕ್ಕೆ 86 ಅಂಕ ಬಂದರೆ ಪಾಸು, 85 ಬಂದರೆ ಫೇಲು. ತಿರಮಿಸುವಿನಂತೆ ಹಸಿ ಮೊಟ್ಟೆ ಬೀಳುವ ತಿನಿಸಿಗೆ ಪಾಶ್ಚರೀಕರಿಸಿದ ಮೊಟ್ಟೆಯನ್ನೇ ಬಳಸಬೇಕೆನ್ನುವುದು ಅದರ ಕಟ್ಟಳೆ.

ಬುಕಿಂಗಿನಲ್ಲೂ ಸಣ್ಣ ಜಾಣತನ ನಡೆಯುತ್ತದೆ. ಮೊದಲ ರಾತ್ರಿ ಜನಕ್ಕೆ ಇನ್ನೂ ದಾರಿಯೇ ಗೊತ್ತಿರುವುದಿಲ್ಲ, ಸ್ಪೆಷಾಲಿಟಿ ರೆಸ್ಟೋರೆಂಟುಗಳು ಖಾಲಿ, ಎಷ್ಟೋ ಸಲ ರಿಯಾಯಿತಿಯೂ ಸಿಗುತ್ತದೆ. ಕೆಲವು ಕಡೆ ರಾತ್ರಿ ಶುಲ್ಕವಿರುವ ಜಾಗದಲ್ಲೇ ಮಧ್ಯಾಹ್ನ ಪುಕ್ಕಟೆ ಪಾಸ್ತಾ ಉಂಟು. ಕಾರ್ನಿವಲ್ ಹಡಗುಗಳ ಆ 'ಕಪ್ತಾನನ ಅಡುಗೆಮನೆ' ಅದಕ್ಕೇ ಹೆಸರುವಾಸಿ. ಬರೆದ ಬೆಲೆಯ ಮೇಲೆ ಶೇಕಡಾ 18-20 ಸೇವಾ ಶುಲ್ಕ ಸೇರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ತಿಳಿದುಕೊಂಡವನು ಕೊನೆಯ ರಾತ್ರಿ ಮತ್ತೆ ಕೆಳಗಿನ ಡೈನಿಂಗ್ ಹಾಲಿಗೇ ಹೋದೆ. ಸೂಟ್‌ಕೇಸುಗಳನ್ನು ಆಗಲೇ ಬಾಗಿಲಾಚೆ ಇಟ್ಟಾಗಿತ್ತು. ಉಡುಪಿಯ ಹುಡುಗ ಮಧ್ಯಾಹ್ನವೇ ಹೇಳಿದ್ದ: "ಸರ್, ಎರಡನೇ ಪಂಕ್ತಿಯ ಕೊನೆಗೆ ಬನ್ನಿ. ಗಲಾಟೆ ಮುಗಿದಿರ್ತದೆ. ಒಳಗೆ ನಮ್ಮ ಗೋವಾದ ಕುಕ್ ಇದ್ದಾನೆ, ಬಾಣಲೆಯಿಂದ ನೇರ ತಂದು ಕೊಡ್ತೇನೆ." ಒಂಬತ್ತೂಕಾಲಿಗೆ ಕೂತೆವು. ಸುತ್ತ ಮೇಜುಗಳಲ್ಲಿ ಐಸ್‌ಕ್ರೀಮು ಕರಗುತ್ತಿತ್ತು. ಹುಡುಗ ಸ್ವಿಂಗ್ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಎರಡು ತಟ್ಟೆ ಹಿಡಿದು ಬರುವಾಗ ಓಡುವುದೊಂದೇ ಬಾಕಿ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸು. ಸ್ಪಗೆಟ್ಟಿ ಎಳೆಎಳೆಯಾಗಿ ಹೊಳೆಯುತ್ತಿತ್ತು, ಹಲ್ಲಿಗೆ ಸಿಗುವಷ್ಟೇ ಗಟ್ಟಿ. ಮೇಲಿನ ರೆಸ್ಟೋರೆಂಟಿನದಕ್ಕೆ ಒಂದು ಕೂದಲೂ ಕಡಿಮೆಯಿಲ್ಲ ಎಂದು ನಾನು ಕಣ್ಣರಳಿಸಿ ಹೆಂಡತಿಯ ಕಡೆ ನೋಡಿದೆ. ಹುಡುಗನೂ ಕೈಕಟ್ಟಿ ನಿಂತು ಕಾದ.

ಅವಳು ನಿಧಾನವಾಗಿ ಅಗಿದಳು. "ಖಾರ ಚೆನ್ನಾಗಿದೆ ಕಣಪ್ಪ," ಎಂದಳು ಅವನಿಗೆ. "ಶಾವಿಗೆಗೆ ಇನ್ನೊಂದು ಕುದಿ ಬೇಕಿತ್ತು."